ಸಂಗಾತಿ ವೀಸಾ ನಿರಾಕರಣೆಯಾದ ಮೇಲೆ: ಮೇಲ್ಮನವಿಯೋ, ಹೊಸ ಅರ್ಜಿಯೋ?

ಪ್ರಶ್ನೆ: ನಾನು ದಾವಣಗೆರೆಯವಳು, ಬಿ.ಕಾಂ. ಓದಿದ್ದೇನೆ. ಕಳೆದ ವೈಶಾಖದಲ್ಲಿ ನನ್ನ ಮದುವೆಯಾಯಿತು. ಪತಿಯ ಊರು ಚಿತ್ರದುರ್ಗ. ಅವರು ಹಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದು, ಅಲ್ಲಿ ಕಾಯಂ ವಾಸದ ಅನುಮತಿ ಪಡೆದಿದ್ದಾರೆ. ಮದುವೆಗೆಂದು ಮೂರು ವಾರ ರಜೆ ಹಾಕಿ ಬಂದವರು ಹಿಂದಿರುಗಿದ ಮೇಲೆ, ಜುಲೈ ತಿಂಗಳಲ್ಲಿ ಕೆಲಸ ಬದಲಿಸಿದರು. ಹಳೆಯ ಕೆಲಸದಲ್ಲಿ ಸಂಬಳ ವರ್ಷಕ್ಕೆ 27,000 ಪೌಂಡ್ ಇತ್ತು, ಹೊಸದರಲ್ಲಿ 34,000 ಇದೆ. ನವೆಂಬರ್ ಮೊದಲ ವಾರ ನನ್ನ ಅರ್ಜಿ ಸಲ್ಲಿಸಿದೆವು. ಈಗ ನಿರಾಕರಣೆಯ ಪತ್ರ ಬಂದಿದೆ. ಪತಿಯ ಆದಾಯಕ್ಕೆ ನಾಲ್ಕು ತಿಂಗಳ ಪೇ ಸ್ಲಿಪ್ ಮಾತ್ರ ಕೊಟ್ಟಿದ್ದೀರಿ, ಇಂಗ್ಲಿಷ್ ಬಲ್ಲಿರೆಂಬುದಕ್ಕೆ ಕಾಲೇಜಿನ ಪತ್ರ ಸಾಲದು, ಮದುವೆಯ ನಂತರ ನೀವು ತವರಿನಲ್ಲೇ ಇದ್ದೀರಿ, ಹಾಗಾಗಿ ಸಂಬಂಧ ನೈಜವೆಂದು ಮನವರಿಕೆಯಾಗಿಲ್ಲ ಎಂಬ ಮೂರು ಕಾರಣಗಳನ್ನು ಅದರಲ್ಲಿ ಕೊಟ್ಟಿದ್ದಾರೆ. ಮೇಲ್ಮನವಿ ಹೋಗಬೇಕೆಂದು ನನ್ನ ತಂದೆ ಹೇಳುತ್ತಾರೆ. ನಾಳೆಯೇ ಇನ್ನೊಂದು ಅರ್ಜಿ ಹಾಕೋಣವೆಂದು ಏಜೆಂಟ್ ಹೇಳುತ್ತಾರೆ. ಸದ್ಯ ವಿಸಿಟರ್ ವೀಸಾದಲ್ಲಿ ಹೋಗಿಬಿಡು ಎಂದು ಬಂಧುಗಳ ಸಲಹೆ. ಪತ್ರ ಬಂದು ಒಂಬತ್ತು ದಿನವಾಗಿದೆ. ಏನು ಮಾಡಲಿ?

ಉತ್ತರ: ಒಂಬತ್ತು ದಿನವಷ್ಟೇ ಕಳೆದಿರುವುದರಿಂದ ಮೂರೂ ದಾರಿಗಳು ನಿಮ್ಮ ಮುಂದೆ ತೆರೆದೇ ಇವೆ, ಅವುಗಳಲ್ಲಿ ಕೊನೆಯದನ್ನು ಮಾತ್ರ ಈಗಲೇ ಬಿಟ್ಟುಬಿಡಿ. ವಿಸಿಟರ್ ವೀಸಾದಲ್ಲಿ ಬ್ರಿಟನ್ನಿಗೆ ಹೋದವರು ಅಲ್ಲಿದ್ದುಕೊಂಡೇ ಸಂಗಾತಿ ವೀಸಾಕ್ಕೆ ಬದಲಾಗಲು ನಿಯಮ ಅವಕಾಶ ಕೊಡುವುದಿಲ್ಲ, ಅವರು ಊರಿಗೆ ಹಿಂದಿರುಗಿಯೇ ಅರ್ಜಿ ಹಾಕಬೇಕು. ಅದಕ್ಕಿಂತ ಮುಖ್ಯವಾಗಿ, ವಿಸಿಟರ್ ಅರ್ಜಿಯಲ್ಲಿ ನೀವು ಸಾಬೀತುಪಡಿಸಬೇಕಾದದ್ದು ಭೇಟಿ ಮುಗಿದ ಮೇಲೆ ಹಿಂದಿರುಗುತ್ತೇನೆ ಎಂಬುದನ್ನು. ಪತಿಯೊಡನೆ ನೆಲೆಸುತ್ತೇನೆಂದು ಮೊನ್ನೆಯಷ್ಟೇ ಬರೆದುಕೊಟ್ಟವರ ಬಾಯಿಂದ ಆ ಮಾತು ಬಂದರೆ ಅಧಿಕಾರಿ ನಂಬುವುದು ಕಷ್ಟ. ಎರಡನೆಯ ನಿರಾಕರಣೆಯೊಂದು ಕಡತಕ್ಕೆ ಸೇರಿಕೊಳ್ಳುವುದಷ್ಟೇ ಇದರ ಫಲ.

ಮೇಲ್ಮನವಿಯೋ ಹೊಸ ಅರ್ಜಿಯೋ ಎಂಬುದನ್ನು ತೀರ್ಮಾನಿಸುವ ಮೊದಲು ನಿರಾಕರಣೆಯ ಪತ್ರವನ್ನು ಒಂದು ಪೆನ್ಸಿಲ್ ಹಿಡಿದು ನಿಧಾನವಾಗಿ ಓದಿ, ಪ್ರತಿಯೊಂದು ಆಕ್ಷೇಪದ ಪಕ್ಕದಲ್ಲೂ ಇದು ಕಾಗದದ ಕೊರತೆಯೋ, ನಂಬಿಕೆಯ ಕೊರತೆಯೋ ಎಂದು ಗುರುತು ಹಾಕಿಕೊಳ್ಳಿ. ಕೊಡಬೇಕಾಗಿದ್ದ ದಾಖಲೆಯನ್ನು ಕೊಡದೆ ಇದ್ದುದರಿಂದ ಬಂದ ಆಕ್ಷೇಪಕ್ಕೆ ಹೊಸ ಅರ್ಜಿಯೇ ಬೇಗನೆ ಸಿಗುವ ಪರಿಹಾರ. ಅಧಿಕಾರಿಯು ಇದ್ದ ದಾಖಲೆಯನ್ನು ನೋಡಿಯೂ ನಂಬದೆ ಹೋದದ್ದರಿಂದ ಬಂದ ಆಕ್ಷೇಪವನ್ನು ನ್ಯಾಯಾಧೀಶರೆದುರು ಪ್ರಶ್ನಿಸುವುದರಲ್ಲಿ ಅರ್ಥವಿದೆ. ನಿಮ್ಮ ಪತ್ರದಲ್ಲಿ ಮೊದಲೆರಡು ಕಾಗದದವು, ಮೂರನೆಯದು ನಂಬಿಕೆಯದು. ನನ್ನ ಸಲಹೆ ಎರಡು ಕವಲಾಗಿರುವುದಕ್ಕೆ ಇದೇ ಕಾರಣ.

ಮೊದಲು ಆದಾಯದ ವಿಷಯ. 2012ರ ಜುಲೈ 9ರಂದು ಜಾರಿಗೆ ಬಂದ ಕುಟುಂಬ ವಲಸೆ ನಿಯಮಗಳಲ್ಲಿ ಸ್ಪಾನ್ಸರ್ ಮಾಡುವವರ, ಅಂದರೆ ಬ್ರಿಟನ್ನಿನಲ್ಲಿರುವ ಸಂಗಾತಿಯ, ಕನಿಷ್ಠ ವಾರ್ಷಿಕ ಆದಾಯ 18,600 ಪೌಂಡ್ ಎಂದಿತ್ತು. 2024ರ ಏಪ್ರಿಲ್ 11ರಿಂದ ಅದು 29,000 ಪೌಂಡ್ ಆಗಿದೆ. ಹೊಸ ಸಂಬಳ 34,000 ಇರುವಾಗ ಹೇಗೆ ತಿರಸ್ಕರಿಸಿದರು ಎಂಬ ನಿಮ್ಮ ಮನೆಯವರ ಪ್ರಶ್ನೆ ಸಹಜವೇ. ಆದರೆ ಈ ನಿಯಮ ಸಂಬಳ ಎಷ್ಟಿದೆ ಎಂಬುದರ ಜೊತೆಗೆ ಎಷ್ಟು ಕಾಲದಿಂದ ಇದೆ ಎಂಬುದನ್ನೂ ಕೇಳುತ್ತದೆ. ಒಬ್ಬನೇ ಮಾಲೀಕನ ಬಳಿ ಆರು ತಿಂಗಳು ಪೂರೈಸಿದವರು ಆರು ತಿಂಗಳ ಪೇ ಸ್ಲಿಪ್ ಕೊಟ್ಟರೆ ಸಾಕು. ಆ ಆರು ತಿಂಗಳಲ್ಲಿನ ಅತಿ ಕಡಿಮೆ ಸಂಬಳದ ಮಟ್ಟವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆರು ತಿಂಗಳು ಪೂರೈಸದವರು ಎರಡು ಪರೀಕ್ಷೆಗಳನ್ನು ದಾಟಬೇಕು: ಈಗಿನ ಸಂಬಳ ವರ್ಷಕ್ಕೆ 29,000 ಮುಟ್ಟಿರಬೇಕು, ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ವಾಸ್ತವವಾಗಿ ಕೈಗೆ ಬಂದ ಗಳಿಕೆಯೂ, ತೆರಿಗೆಗೆ ಮುಂಚಿನ ಲೆಕ್ಕದಲ್ಲಿ, ಅಷ್ಟಾಗಿರಬೇಕು.

ನಿಮ್ಮ ಪತಿಯ ಲೆಕ್ಕವನ್ನೇ ಹಾಕಿ ನೋಡಿ. ಹಳೆಯ ಕೆಲಸದ ಎಂಟು ತಿಂಗಳಿಗೆ ತಿಂಗಳಿಗೆ 2,250ರಂತೆ 18,000 ಪೌಂಡ್, ಹೊಸ ಕೆಲಸದ ನಾಲ್ಕು ತಿಂಗಳಿಗೆ ಸುಮಾರು 11,333, ಒಟ್ಟು 29,333. ಅಂದರೆ ನವೆಂಬರ್‌ನಲ್ಲಿಯೇ ನೀವು ಅರ್ಹರಾಗಿದ್ದಿರಿ, 333 ಪೌಂಡುಗಳ ಅಂತರದಲ್ಲಿ. ಹಳೆಯ ಕಂಪನಿಯ ಎಂಟು ಪೇ ಸ್ಲಿಪ್‌ಗಳು, ಆ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟುಗಳು, ಹಳೆಯ ಕಂಪನಿಯ ಒಂದು ಪತ್ರ ಇಷ್ಟನ್ನು ಲಗತ್ತಿಸಿದ್ದರೆ ಮೊದಲ ಆಕ್ಷೇಪವೇ ಹುಟ್ಟುತ್ತಿರಲಿಲ್ಲ. ಸರಣಿಯ ನಡುವಿನ ಒಂದೋ ಎರಡೋ ಕಾಗದ ಕಾಣೆಯಾಗಿದ್ದರೆ ಅಧಿಕಾರಿ ಅದನ್ನು ಕೇಳಿ ತರಿಸಿಕೊಳ್ಳಬಹುದು, ಆದರೆ ಕೇಳಲೇಬೇಕೆಂಬ ಕಟ್ಟುಪಾಡು ಅವರಿಗಿಲ್ಲ; ಎಂಟು ತಿಂಗಳ ದಾಖಲೆಯೇ ಇಲ್ಲದ ಕಡೆ ಕೇಳಲಿಲ್ಲವೆಂದು ದೂರುವುದರಲ್ಲಿ ಹುರುಳಿಲ್ಲ. ಸಮಾಧಾನದ ವಿಷಯವೆಂದರೆ, ಅರ್ಜಿ ಪರಿಶೀಲನೆಯಲ್ಲಿದ್ದ ಈ ಮೂರು ತಿಂಗಳಲ್ಲಿ ನಿಮ್ಮ ಪತಿ ಹೊಸ ಕೆಲಸದಲ್ಲಿ ಆರು ತಿಂಗಳು ದಾಟಿದ್ದಾರೆ. ಈಗ ಹಾಕುವ ಅರ್ಜಿಗೆ ಹಳೆಯ ಕಂಪನಿಯ ಕಾಗದಗಳೇ ಬೇಡ. 34,000ದ ಆರು ಪೇ ಸ್ಲಿಪ್‌ಗಳು ಸಾಕು.

ಸಾಕು ಎಂದೆ, ಆದರೆ ಅವು ಹೇಗಿರಬೇಕು ಎಂಬುದನ್ನು ನಿಮ್ಮ ಪತಿಗೆ ಒತ್ತಿ ಹೇಳಿ. ಪ್ರತಿ ಪೇ ಸ್ಲಿಪ್ಪಿನಲ್ಲಿ ಕೈಗೆ ಬಂದ ಮೊತ್ತ ಏನಿದೆಯೋ ಅದೇ ಮೊತ್ತ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಜಮೆಯಾಗಿ ಕಾಣಬೇಕು. ಸಂಬಳ ಒಂದು ಖಾತೆಗೆ ಬಂದು ಇನ್ನೊಂದರ ಸ್ಟೇಟ್‌ಮೆಂಟ್ ಕೊಟ್ಟವರು ನಿರಾಕರಣೆ ಪಡೆದದ್ದುಂಟು. ಈ ದಾಖಲೆಗಳಲ್ಲಿ ತೀರ ಇತ್ತೀಚಿನದು ಅರ್ಜಿ ಸಲ್ಲಿಸುವ ದಿನಕ್ಕೆ 28 ದಿನಕ್ಕಿಂತ ಹಳೆಯದಾಗಿರಬಾರದು. ಕಂಪನಿಯ ಪತ್ರದಲ್ಲಿ ಕೆಲಸದಲ್ಲಿರುವುದು ನಿಜ ಎಂಬ ಒಂದು ಸಾಲು ಸಾಲದು: ವಾರ್ಷಿಕ ಸಂಬಳವೆಷ್ಟು, ಯಾವಾಗಿನಿಂದ ಕೆಲಸದಲ್ಲಿದ್ದಾರೆ, ಈ ಸಂಬಳ ಯಾವಾಗಿನಿಂದ, ಕೆಲಸ ಕಾಯಮ್ಮೋ ನಿಗದಿತ ಅವಧಿಯದೋ ಎಂಬ ನಾಲ್ಕೂ ಅದರಲ್ಲಿರಬೇಕು.

ನಮ್ಮ ಭಾಗದ ಅರ್ಜಿಗಳಲ್ಲಿ ಪದೇ ಪದೇ ಕಾಣುವ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಆದಾಯದ ಆಕ್ಷೇಪ ಬಂತೆಂದರೆ ಸಾಕು, ತಂದೆಯವರು ಚನ್ನಗಿರಿ ಕಡೆಯ ಅಡಿಕೆ ತೋಟದ ಪಹಣಿ, ಮನೆಯ ಮೌಲ್ಯಮಾಪನ ಪತ್ರ, ಲೆಕ್ಕ ಪರಿಶೋಧಕರಿಂದ ಬರೆಸಿದ ಆಸ್ತಿ ವಿವರ ಎಲ್ಲವನ್ನೂ ಒಟ್ಟುಮಾಡಲು ಹೊರಡುತ್ತಾರೆ. ಮಗಳ ಮೇಲಿನ ಅಕ್ಕರೆ ಅರ್ಥವಾಗುತ್ತದೆ, ಆದರೆ ಅವು ಈ ಲೆಕ್ಕಕ್ಕೆ ಬರುವುದಿಲ್ಲ. ಹೊರಗಿನಿಂದ ಅರ್ಜಿ ಹಾಕುವಾಗ ನೀವು ದಾವಣಗೆರೆಯಲ್ಲಿ ದುಡಿಯುವ ಸಂಬಳವೂ ಬರುವುದಿಲ್ಲ. ನೌಕರಿಯ ಆದಾಯ ಸ್ಪಾನ್ಸರ್‌ನದೇ ಆಗಬೇಕು. ನಿಮ್ಮ ಅಥವಾ ಪತಿಯ ಸ್ವಂತ ಹೆಸರಿನಲ್ಲಿರುವ ಆಸ್ತಿಯ ಬಾಡಿಗೆ, ಇಬ್ಬರಲ್ಲೊಬ್ಬರ ಖಾತೆಯಲ್ಲಿ ಆರು ತಿಂಗಳಿಂದ ಇರುವ ನಗದು ಉಳಿತಾಯ ಇಂಥವಕ್ಕೆ ಮಾತ್ರ ಅವಕಾಶವಿದೆ. ತಂದೆಯವರು ಕೊಟ್ಟ ಹಣವೂ ಸಾಲವಲ್ಲದೆ ಕೊಡುಗೆಯಾಗಿದ್ದು, ನಿಮ್ಮ ಖಾತೆಯಲ್ಲಿ ಆರು ತಿಂಗಳು ಉಳಿದಿದ್ದರೆ ಲೆಕ್ಕಕ್ಕೆ ಬಂದೀತು. ಆದರೆ ಸಂಬಳವೇ ಇಲ್ಲದೆ ಬರೀ ಉಳಿತಾಯದಿಂದ ಅರ್ಹತೆ ತೋರಿಸಲು 88,500 ಪೌಂಡ್ ಬೇಕು. ನಿಮಗೆ ಅದರ ಗೋಜೇ ಬೇಡ.

29,000 ನಿಜವಾಗಿಯೂ ಮುಟ್ಟದವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. 2017ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಎಂ.ಎಂ. ಲೆಬನಾನ್ ಎಂದು ಕರೆಯಲಾಗುವ ಪ್ರಕರಣದಲ್ಲಿ, ಕನಿಷ್ಠ ಆದಾಯದ ನಿಯಮ ತನ್ನಷ್ಟಕ್ಕೆ ಕಾನೂನುಬಾಹಿರವಲ್ಲ ಎಂದಿತಾದರೂ, ಕುಟುಂಬವನ್ನು ದೂರವಿಡುವುದರಿಂದ ವಿಪರೀತ ಕಷ್ಟವಾಗುವ ಸಂದರ್ಭಗಳಲ್ಲಿ ಇತರ ನಂಬಲರ್ಹ ಆದಾಯ ಮೂಲಗಳನ್ನೂ ನೋಡಬೇಕೆಂದು ಹೇಳಿತು. ಅದರಂತೆ ನಿಯಮಗಳು ತಿದ್ದುಪಡಿಯಾದವು. ಆ ವಾದ ಹೂಡುವವರು ವಕೀಲರಿಲ್ಲದೆ ಹೂಡಬಾರದು.

ಇಂಗ್ಲಿಷಿನ ಆಕ್ಷೇಪ ಸಣ್ಣದು. ದಾವಣಗೆರೆ ವಿಶ್ವವಿದ್ಯಾನಿಲಯದ್ದೋ ಮತ್ತೊಂದರದ್ದೋ ಪದವಿ ಇಂಗ್ಲಿಷ್ ಮಾಧ್ಯಮದ್ದೆಂದು ಪ್ರಾಂಶುಪಾಲರು ಬರೆದುಕೊಟ್ಟ ಪತ್ರವನ್ನು ಬ್ರಿಟನ್ ನೇರವಾಗಿ ಒಪ್ಪುವುದಿಲ್ಲ. ಎಕ್ಟಿಸ್ ಎಂಬ ಅಲ್ಲಿನ ಸಂಸ್ಥೆಯು ಆ ಪದವಿ ಬ್ರಿಟನ್ನಿನ ಪದವಿಗೆ ಸಮಾನವೆಂದೂ ಇಂಗ್ಲಿಷಿನಲ್ಲೇ ಕಲಿಸಿದ್ದೆಂದೂ ದೃಢೀಕರಿಸಬೇಕು. ಅದಕ್ಕೆ ಅರ್ಜಿ ಹಾಕಬಹುದು, ಇಲ್ಲವೇ ಎ1 ಎಂಬ ಆರಂಭಿಕ ಮಟ್ಟದ ಮಾತು ಮತ್ತು ಆಲಿಕೆಯ ಪರೀಕ್ಷೆಯೊಂದನ್ನು ಬರೆದು ಮುಗಿಸಬಹುದು. ಬಿ.ಕಾಂ. ಓದಿದ ನಿಮಗೆ ಆ ಪರೀಕ್ಷೆ ಕಷ್ಟವೇನಲ್ಲ. ನೋಡಿಕೊಳ್ಳಬೇಕಾದದ್ದು ಇಷ್ಟೇ: ಬ್ರಿಟನ್ ವೀಸಾಕ್ಕೆಂದೇ ಮಾನ್ಯತೆ ಪಡೆದ ಕೇಂದ್ರದಲ್ಲಿ, ಆ ವೀಸಾಕ್ಕೆಂದೇ ನಡೆಸುವ ಪರೀಕ್ಷೆಯನ್ನೇ ತೆಗೆದುಕೊಳ್ಳಬೇಕು. ವಿದೇಶಿ ವಿಶ್ವವಿದ್ಯಾನಿಲಯಗಳ ಪ್ರವೇಶಕ್ಕೆಂದು ಬರೆದ ಸಾಮಾನ್ಯ ಐಇಎಲ್‌ಟಿಎಸ್ ಫಲಿತಾಂಶದಲ್ಲಿ ಎಷ್ಟೇ ಒಳ್ಳೆಯ ಅಂಕವಿದ್ದರೂ ಇಲ್ಲಿ ನಡೆಯುವುದಿಲ್ಲ.

ನಿಜವಾಗಿ ಯೋಚಿಸಬೇಕಾದದ್ದು ಮೂರನೆಯ ಆಕ್ಷೇಪದ ಬಗ್ಗೆ. ಹಿರಿಯರು ನೋಡಿ ಮಾಡಿದ ಮದುವೆ ಎಂಬ ಕಾರಣಕ್ಕೆ ಬ್ರಿಟನ್ ಯಾರನ್ನೂ ತಿರಸ್ಕರಿಸುವುದಿಲ್ಲ. ಇಬ್ಬರೂ ಹದಿನೆಂಟು ದಾಟಿರಬೇಕು, ಮುಖತಃ ಭೇಟಿಯಾಗಿರಬೇಕು, ಮದುವೆ ಕಾನೂನುಬದ್ಧವಾಗಿರಬೇಕು, ಇನ್ನು ಮುಂದೆ ಒಟ್ಟಿಗೆ ಬಾಳುವ ಉದ್ದೇಶವಿರಬೇಕು, ಇಷ್ಟನ್ನು ಅದು ಕೇಳುತ್ತದೆ. ಆದರೆ ನಿಮ್ಮ ಕಡತವನ್ನು ಓದಿದ ಅಧಿಕಾರಿಗೆ ಆಷಾಢ ಮಾಸವೆಂದರೇನು ಎಂದು ಗೊತ್ತಿರುವ ಸಂಭವ ಕಡಿಮೆ. ವೈಶಾಖದಲ್ಲಿ ಮದುವೆಯಾದವರು ಜ್ಯೇಷ್ಠ ಕಳೆಯುತ್ತಲೇ ತವರಿಗೆ ಬರುತ್ತಾರೆ, ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂಬ ರೂಢಿ ನಮ್ಮ ಮನೆಗಳಲ್ಲಿ ಇಂದಿಗೂ ಇದೆ, ಗಂಡ ಊರಿನಲ್ಲಿಲ್ಲದಾಗ ಅತ್ತೆಯ ಮನೆಯವರೇ ಸೊಸೆಯನ್ನು ತವರಿನಲ್ಲಿ ಇರಗೊಡುತ್ತಾರೆ. ಇದಾವುದೂ ಅರ್ಜಿಯಲ್ಲಿ ಬರೆದಿರದಿದ್ದರೆ ಅಧಿಕಾರಿಯ ಕಣ್ಣಿಗೆ ಬೀಳುವುದು ಇಷ್ಟು: ಮದುವೆ ಮೇ ತಿಂಗಳಲ್ಲಿ, ಗಂಡ ಜೂನ್ ಹೊತ್ತಿಗೆ ವಿದೇಶದಲ್ಲಿ, ಹೆಂಡತಿಯ ವಿಳಾಸ ಮದುವೆಗೆ ಮುಂಚೆ ಯಾವುದಿತ್ತೋ ಅದೇ. ಅವರಿಗೆ ಸಂದೇಹ ಬಂದದ್ದು ಅನ್ಯಾಯವೆನಿಸಬಹುದು. ಆದರೆ ಆ ಸಂದೇಹಕ್ಕೆ ಮೊದಲೇ ಉತ್ತರ ಕೊಡುವ ಅವಕಾಶ ಅರ್ಜಿಯಲ್ಲಿತ್ತು.

ಹೊಸ ಅರ್ಜಿಯಲ್ಲಿ ನೀವೊಂದು, ನಿಮ್ಮ ಪತಿಯೊಂದು ಹೇಳಿಕೆಯನ್ನು ಬೇರೆಬೇರೆಯಾಗಿ, ನಿಮ್ಮ ನಿಮ್ಮ ಮಾತಿನಲ್ಲಿಯೇ ಬರೆಯಿರಿ. ಸಂಬಂಧ ಕೂಡಿಬಂದದ್ದು ಯಾರ ಮೂಲಕ, ಹೆಣ್ಣು ನೋಡಲು ಬಂದದ್ದು ಯಾವಾಗ, ನಿಶ್ಚಿತಾರ್ಥ ಎಲ್ಲಾಯಿತು, ಮದುವೆಯಾದ ಮೇಲಿನ ಆ ದಿನಗಳನ್ನು ಇಬ್ಬರೂ ಎಲ್ಲಿ ಕಳೆದಿರಿ, ಆಷಾಢಕ್ಕೆ ತವರಿಗೆ ಬಂದವರು ಶ್ರಾವಣದ ನಂತರವೂ ಏಕೆ ಅಲ್ಲೇ ಉಳಿದಿರಿ, ಚಿತ್ರದುರ್ಗದ ಅತ್ತೆಯ ಮನೆಗೆ ಹಬ್ಬಗಳಿಗೆ ಹೋಗಿ ಬಂದದ್ದು ಎಂದು ಎಂಬುದನ್ನೆಲ್ಲ ದಿನಾಂಕದೊಡನೆ ಹೇಳಿ. ಅತ್ತೆ ಅಥವಾ ಮಾವನವರಿಂದ ಒಂದು ಪತ್ರವಿರಲಿ. ಇದನ್ನೆಲ್ಲ ಕೋರ್ಟ್ ಪಕ್ಕದ ನೋಟರಿಯವರ ಬಳಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿದರೇ ತೂಕ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬಿಳಿಯ ಹಾಳೆಯ ಮೇಲೆ ಸಹಿ ಮಾಡಿದ, ವಿವರಗಳಿಂದ ತುಂಬಿದ ಹೇಳಿಕೆ, ಸಿದ್ಧ ನಮೂನೆಯ ನಾಲ್ಕು ಸಾಲಿನ ಅಫಿಡವಿಟ್ಟಿಗಿಂತ ಮೇಲು.

ಮದುವೆಯ ಆಲ್ಬಮ್ಮಿನ ಮುನ್ನೂರು ಫೋಟೋಗಳನ್ನು ಕಳಿಸಬೇಡಿ. ಧಾರೆ ಎರೆಯುವಾಗಿನದು, ಎರಡೂ ಕಡೆಯ ಹಿರಿಯರೊಡನೆ ನಿಂತದ್ದು, ಮದುವೆಯ ಆಚೆಗಿನ ದಿನಗಳದ್ದು ಹೀಗೆ ಇಪ್ಪತ್ತರೊಳಗೆ ಆರಿಸಿ, ಪ್ರತಿಯೊಂದರ ಕೆಳಗೆ ದಿನಾಂಕ, ಸ್ಥಳ, ಯಾರು ಯಾರಿದ್ದಾರೆ ಎಂದು ಬರೆಯಿರಿ. ವಾಟ್ಸ್‌ಆ್ಯಪ್ ಕರೆಗಳ ಪಟ್ಟಿಯನ್ನು ಒಂದೇ ವಾರದಿಂದ ತೆಗೆಯದೆ, ನಿಶ್ಚಿತಾರ್ಥದಿಂದ ಇಂದಿನವರೆಗೆ ತಿಂಗಳಿಗೆ ಒಂದೆರಡು ಪುಟದಂತೆ ಹಂಚಿ ತೆಗೆಯಿರಿ. ಸಂಬಂಧ ನಿರಂತರವಾಗಿ ನಡೆದಿದೆಯೇ ಎಂಬುದು ಇಲ್ಲಿನ ಪ್ರಶ್ನೆ. ಸಂದೇಶಗಳು ಕನ್ನಡದಲ್ಲಿದ್ದರೆ, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡವೇ ಆಗಿದ್ದರೂ, ಅನುವಾದ ಬೇಕು. ಅನುವಾದಕರು ಇದು ಮೂಲಕ್ಕೆ ನಿಷ್ಠವಾಗಿದೆ ಎಂದು ದೃಢೀಕರಿಸಿ ದಿನಾಂಕ, ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ ಕೊಟ್ಟಿರಬೇಕು. ಪತಿ ನಿಮ್ಮ ಖಾತೆಗೆ ಹಣ ಕಳಿಸಿದ್ದರೆ ಆ ದಾಖಲೆ, ಇಬ್ಬರೂ ತಂಗಿದ್ದ ಹೋಟೆಲಿನ ರಸೀದಿ ಇಂಥವು ಫೋಟೋಗಳಿಗಿಂತ ಹೆಚ್ಚು ಮಾತಾಡುತ್ತವೆ. ಸಾಧ್ಯವಾದರೆ ಹೊಸ ಅರ್ಜಿಗೆ ಮುಂಚೆ ನಿಮ್ಮ ಪತಿ ಒಂದು ವಾರವಾದರೂ ಬಂದು ಹೋಗಲಿ. ಮದುವೆಯಾದ ಮೇಲೆ ಮತ್ತೆ ಭೇಟಿಯೇ ಆಗಿಲ್ಲ ಎಂಬ ಮಾತಿಗೆ ಪಾಸ್‌ಪೋರ್ಟಿನ ಮೊಹರಿಗಿಂತ ನೇರವಾದ ಉತ್ತರವಿಲ್ಲ.

ಹೆಸರುಗಳನ್ನೂ ಒಮ್ಮೆ ಹೊಂದಿಸಿ ನೋಡಿಕೊಳ್ಳಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಊರಿನದೂ ತಂದೆಯದೂ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಸರ್‌ನೇಮ್, ಉಪನೋಂದಣಾಧಿಕಾರಿಗಳ ಕಚೇರಿಯ ವಿವಾಹ ನೋಂದಣಿ ಪತ್ರದಲ್ಲಿ ಮೂರನೆಯದೊಂದು ರೂಪ, ಇದು ನಮ್ಮ ಜಿಲ್ಲೆಗಳಲ್ಲಿ ದಿನನಿತ್ಯದ ಸಂಗತಿ. ಪತ್ರದಲ್ಲಿ ಈ ಆಕ್ಷೇಪ ಬಂದಿಲ್ಲವೆಂದು ಸುಮ್ಮನಿರದೆ, ಈ ಎಲ್ಲ ಹೆಸರೂ ನನ್ನವೇ ಎಂದು ಹೇಳಿಕೆಯಲ್ಲಿ ಒಂದು ಪ್ಯಾರಾ ಸೇರಿಸಿ.

ಇನ್ನು ನಿಮ್ಮ ತಂದೆಯವರ ಮಾತು. ಸಂಗಾತಿ ವೀಸಾದ ನಿರಾಕರಣೆಯು ಕುಟುಂಬ ಜೀವನದ ಹಕ್ಕಿಗೆ, ಅಂದರೆ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ ಎಂಟನೆಯ ವಿಧಿಗೆ ಸಂಬಂಧಿಸಿದ್ದರಿಂದ, ಅದರ ವಿರುದ್ಧ ವಲಸೆ ಮೇಲ್ಮನವಿಗಳನ್ನು ಕೇಳುವ ಬ್ರಿಟನ್ನಿನ ನ್ಯಾಯಮಂಡಳಿಯಾದ ಫಸ್ಟ್ ಟಿಯರ್ ಟ್ರಿಬ್ಯೂನಲ್ಲಿಗೆ ಮೇಲ್ಮನವಿ ಸಲ್ಲಿಸಬಹುದು. ನಿಮ್ಮ ಪತ್ರದಲ್ಲಿ ಆ ಹಕ್ಕನ್ನು ನಮೂದಿಸಿದ್ದಾರೆಯೇ ನೋಡಿ. ಪತಿ ಕಾಯಂ ವಾಸಿಯಾಗಿರದೆ, ನೌಕರಿಗೆಂದು ಕೊಡುವ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದಿದ್ದರೆ ನಿಮ್ಮದು ಅವಲಂಬಿತರ ವೀಸಾ ಆಗಿರುತ್ತಿತ್ತು. ಅದರ ನಿರಾಕರಣೆಗೆ ಸಾಮಾನ್ಯವಾಗಿ ಮೇಲ್ಮನವಿ ಇರುವುದಿಲ್ಲ, ಗೃಹ ಇಲಾಖೆಯೇ ಮಾಡುವ ಆಡಳಿತಾತ್ಮಕ ಮರುಪರಿಶೀಲನೆ ಮಾತ್ರ ಇರುತ್ತದೆ. ಎರಡನ್ನೂ ಜನ ಸಂಗಾತಿ ವೀಸಾ ಎಂದೇ ಕರೆಯುವುದರಿಂದ, ಪರಿಚಯದವರು ತಾವು ಮಾಡಿದಂತೆ ಮಾಡಿ ಎಂದು ಹೇಳಿದಾಗ ಅವರದು ಯಾವ ವೀಸಾ ಎಂದು ಕೇಳಿಕೊಳ್ಳಿ. ಕೆನಡಾ, ಅಮೆರಿಕಗಳ ಕ್ರಮವಂತೂ ಪೂರ್ತಿ ಬೇರೆ.

ದೇಶದ ಹೊರಗಿರುವ ಅರ್ಜಿದಾರರಿಗೆ ಮೇಲ್ಮನವಿಯ ಗಡುವು ಪತ್ರ ಕೈಸೇರಿದ ದಿನದಿಂದ 28 ದಿನ. ಶುಲ್ಕ, ವಿಚಾರಣೆ ಬೇಡ, ಕಾಗದಪತ್ರ ನೋಡಿ ತೀರ್ಮಾನಿಸಿ ಎಂದರೆ 80 ಪೌಂಡ್, ವಿಚಾರಣೆ ಬೇಕೆಂದರೆ 140 ಪೌಂಡ್. ನಂಬಿಕೆಯ ಪ್ರಶ್ನೆ ಇರುವ ಕಡೆ ಅರವತ್ತು ಪೌಂಡ್ ಉಳಿಸಲು ಹೋಗಬಾರದು, ಏಕೆಂದರೆ ನಿಮ್ಮ ಪತಿ ನ್ಯಾಯಾಧೀಶರೆದುರು ಸಾಕ್ಷಿಯಾಗಿ ಕುಳಿತು ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಇಂಥ ಪ್ರಕರಣದ ಜೀವಾಳ. ನಿರಾಕರಣೆಯ ನಂತರ ಸಿದ್ಧವಾದ ಪುರಾವೆಗಳನ್ನೂ ಟ್ರಿಬ್ಯೂನಲ್ ನೋಡಬಲ್ಲದು. ಕೊರತೆಯೆಂದರೆ ಕಾಲ: ವಿಚಾರಣೆಯ ದಿನಾಂಕ ಬರುವುದಕ್ಕೆ ಹಲವು ತಿಂಗಳು ಹಿಡಿಯುತ್ತದೆ, ವರ್ಷ ಸಮೀಪಿಸುವುದೂ ಉಂಟು. ಹೊಸ ಅರ್ಜಿಗೆ ಹೇಳಲಾಗುವ ಸಾಮಾನ್ಯ ಅವಧಿ 12 ವಾರ.

ಖರ್ಚಿನಲ್ಲಿ ಲೆಕ್ಕ ತಿರುಗುಮುರುಗು. 2025ರ ಏಪ್ರಿಲ್‌ನಲ್ಲಿ ನಿಗದಿಯಾದಾಗ ಅರ್ಜಿ ಶುಲ್ಕ 1,938 ಪೌಂಡ್ ಇತ್ತು, ನಮ್ಮ ಹಣದಲ್ಲಿ ಎರಡು ಲಕ್ಷಕ್ಕೂ ಮೇಲು. ನಿರಾಕರಣೆಯಾದರೆ ಅದು ಹೋದಂತೆಯೇ, ಮರಳಿ ಬರುವುದಿಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಮೂರು ವರ್ಷದ ಲೆಕ್ಕದಲ್ಲಿ ಕಟ್ಟಿದ ಆರೋಗ್ಯ ಶುಲ್ಕ 3,105 ಪೌಂಡ್ ಮಾತ್ರ ಹಿಂದಿರುಗುತ್ತದೆ, ಮೇಲ್ಮನವಿ ಹೂಡಿದರೆ ಅದಕ್ಕೆ ಇನ್ನಷ್ಟು ಕಾಲ ಹಿಡಿಯಬಹುದು. ಶುಲ್ಕಗಳು ಆಗಾಗ ಏರುವುದರಿಂದ ಅರ್ಜಿ ತುಂಬುವ ದಿನ ಬ್ರಿಟನ್ ಸರ್ಕಾರದ ಜಾಲತಾಣದಲ್ಲೇ ನೋಡಿ, ಏಜೆಂಟ್ ಹೇಳಿದ ಮೊತ್ತವನ್ನಲ್ಲ.

ಇದನ್ನೆಲ್ಲ ತೂಗಿ ನಾನು ಹೇಳುವುದು ಇಷ್ಟು. 28 ದಿನದೊಳಗೆ ಮೇಲ್ಮನವಿಯನ್ನು ವಿಚಾರಣೆ ಸಹಿತ ಎಂದೇ ದಾಖಲಿಸಿಬಿಡಿ. ಅದು ಬಾಕಿಯಿರುವಾಗ ಹೊರಗಿನಿಂದ ಹೊಸ ಅರ್ಜಿ ಸಲ್ಲಿಸುವುದಕ್ಕೆ ಅಡ್ಡಿಯಿಲ್ಲ. ಹೊಸ ಅರ್ಜಿಯನ್ನು ನಾಳೆಯೇ ಅಲ್ಲ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬಂದು ಹೇಳಿಕೆಗಳು ಸಿದ್ಧವಾದ ಮೇಲೆ ಸಲ್ಲಿಸಿ. ಅದೂ ನಂಬಿಕೆಯ ಕಾರಣಕ್ಕೇ ಬಿದ್ದುಹೋದರೆ, ಅಷ್ಟು ಹೊತ್ತಿಗೆ ನಿಮ್ಮ ಮೇಲ್ಮನವಿ ಸರದಿಯಲ್ಲಿ ಮುಂದೆ ಬಂದಿರುತ್ತದೆ. ಬರೀ ಕಾಗದದ ಆಕ್ಷೇಪಗಳಷ್ಟೇ ಇದ್ದಿದ್ದರೆ ಮೇಲ್ಮನವಿ ಬೇಡವೆನ್ನುತ್ತಿದ್ದೆ. ಸುಳ್ಳು ದಾಖಲೆ ಕೊಟ್ಟಿದ್ದೀರಿ ಎಂಬ ಆರೋಪವಿದ್ದಿದ್ದರೆ ಮೇಲ್ಮನವಿ ಬಿಟ್ಟು ಬೇರೇನೂ ಮಾಡಬೇಡಿ ಎನ್ನುತ್ತಿದ್ದೆ, ಏಕೆಂದರೆ ಪ್ರಶ್ನಿಸದೆ ಬಿಟ್ಟ ವಂಚನೆಯ ಆರೋಪ ಮುಂದಿನ ಪ್ರತಿಯೊಂದು ಅರ್ಜಿಯಲ್ಲೂ ಎದುರು ನಿಲ್ಲುತ್ತದೆ. ನಿಮ್ಮ ಪತ್ರದಲ್ಲಿ ಅಂಥ ಮಾತಿಲ್ಲ.

ಏಜೆಂಟರ ವಿಷಯದಲ್ಲಿ ಎಚ್ಚರ. ಹಿಂದಿನ ನಿರಾಕರಣೆಯನ್ನು ಹೊಸ ಅರ್ಜಿಯಲ್ಲಿ ತೋರಿಸಬೇಕಿಲ್ಲ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಿರಾಕರಣೆಯನ್ನು, ಅದು ಬೇರೆ ದೇಶದ್ದಾಗಿದ್ದರೂ, ಮುಚ್ಚಿಡುವುದೇ ವಂಚನೆ ಎನಿಸಿಕೊಳ್ಳುತ್ತದೆ. ಮೇಲ್ಮನವಿಗೆ ವಕೀಲರನ್ನು ಹುಡುಕುವ ಕೆಲಸವನ್ನು ಪತಿಗೇ ಬಿಡಿ. ಬ್ರಿಟನ್ನಿನಲ್ಲಿ ವಲಸೆ ಸಲಹೆ ಕೊಡುವವರು ಸಾಲಿಸಿಟರ್, ಬ್ಯಾರಿಸ್ಟರ್‌ನಂಥ ಅಧಿಕೃತ ವಕೀಲರಾಗಿರಬೇಕು, ಇಲ್ಲವೇ 2025ರ ಜನವರಿಯವರೆಗೆ ಓ.ಐ.ಎಸ್.ಸಿ. ಎನಿಸಿಕೊಂಡಿದ್ದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿತರಾಗಿರಬೇಕು. ಆ ಪಟ್ಟಿ ಯಾರು ಬೇಕಾದರೂ ನೋಡುವಂತಿದೆ.

ಕ್ಷಯರೋಗ ತಪಾಸಣೆಯ ಪ್ರಮಾಣ ಪತ್ರಕ್ಕೆ ಆರು ತಿಂಗಳ ಆಯುಸ್ಸು ಮಾತ್ರ. ನವೆಂಬರ್ ಅರ್ಜಿಗೆಂದು ಮಾಡಿಸಿದ್ದು ಹೊಸ ಅರ್ಜಿಯ ದಿನಕ್ಕೆ ಮುಗಿದಿದ್ದರೆ ಬೆಂಗಳೂರಿನ ಮಾನ್ಯತೆ ಪಡೆದ ಕೇಂದ್ರದಲ್ಲಿ ಮತ್ತೆ ಮಾಡಿಸಬೇಕು. ಇಂಗ್ಲಿಷ್ ಪರೀಕ್ಷೆಗೆ ಹೋದ ದಿನವೇ ಅದನ್ನೂ ಮುಗಿಸಿಕೊಂಡು ಬರುವಂತೆ ದಿನಾಂಕ ಹೊಂದಿಸಿ. ಹೊಸ ಅರ್ಜಿಗೆ ವೀಸಾ ಸಿಕ್ಕಿತೆಂದರೆ ಮೇಲ್ಮನವಿಯನ್ನು ಸುಮ್ಮನೆ ಬಿಟ್ಟುಬಿಡದೆ, ಹಿಂಪಡೆಯುತ್ತಿದ್ದೇನೆಂದು ಟ್ರಿಬ್ಯೂನಲ್ಲಿಗೆ ಲಿಖಿತವಾಗಿ ತಿಳಿಸಿ.